ವಂತಿಗೆ ಎತ್ತಿ ಅಚ್ಚು ಹಾಕಿದ ಒಂದು ಲೋಕ

ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ವರ್ಷಕ್ಕೊಮ್ಮೆ ನಡೆಯುವ ಬಯಲಾಟಕ್ಕೆ ವಂತಿಗೆ ಎತ್ತುವುದು ನಮ್ಮ ಊರುಗಳಲ್ಲಿ ಹೊಸತಲ್ಲ. ರಶೀದಿ ಪುಸ್ತಕ ಹಿಡಿದು ನಾಲ್ಕು ಮಂದಿ ಮನೆಮನೆಗೆ ಬರುತ್ತಾರೆ. ಕೊಡುವವರು ಕೈಲಾದಷ್ಟು ಕೊಡುತ್ತಾರೆ. ಕೊಡುವ ಹೊತ್ತಿಗೆ ಕಟ್ಟಡವೂ ಇರುವುದಿಲ್ಲ, ಆಟವೂ ಇರುವುದಿಲ್ಲ. ಇರುವುದು ಬಂದವರ ಮಾತು ಮಾತ್ರ. ಆ ಮಾತು ಬಲವಾದದ್ದೇ ಎಂದು ತೋರಿದರೆ ಹಣ ಬರುತ್ತದೆ, ಇಲ್ಲವಾದರೆ ‘ಇನ್ನೊಮ್ಮೆ ನೋಡುವ’ ಎಂಬ ಉತ್ತರ ಬರುತ್ತದೆ.

ಇದೇ ಕ್ರಮವನ್ನು ಪುಸ್ತಕದ ಅಚ್ಚಿಗೆ ಅನ್ವಯಿಸಿದರೆ ಏನಾದೀತು? ಅದೂ ಕತೆಯಲ್ಲದ, ಕಾವ್ಯವಲ್ಲದ, ಬರಿಯ ಆಟವೊಂದರ ನಿಯಮಗಳ ಪುಸ್ತಕಕ್ಕೆ? 2012ರ ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ ಅಮೆರಿಕದ ಮಾಂಟೆ ಕುಕ್ ಎಂಬ ಲೇಖಕ ಇಂಥ ಒಂದು ಪ್ರಯತ್ನಕ್ಕೆ ಕೈಹಾಕಿದ. ಆತ ಕೇಳಿದ್ದು 20,000 ಡಾಲರ್. ಬಂದದ್ದು 5,17,255 ಡಾಲರ್. ಅಂದಿನ ವಿನಿಮಯದ ಲೆಕ್ಕದಲ್ಲಿ ಇದು ಸುಮಾರು ಎರಡೂಮುಕ್ಕಾಲು ಕೋಟಿ ರೂಪಾಯಿ. ಕೊಟ್ಟವರು 4,658 ಮಂದಿ. ಅವರು ಹಣ ಕೊಡುವಾಗ ಅಚ್ಚಾದ ಪುಸ್ತಕವೆಂಬುದು ಇರಲೇ ಇಲ್ಲ. ಆ ಪುಸ್ತಕದ ಹೆಸರು ‘ನ್ಯೂಮೆನೆರ’.

ಅಪರಿಚಿತರು ಅಪರಿಚಿತನಿಗೆ ಇಷ್ಟು ಹಣ ಕೊಡುವುದೆಂದರೆ ಏನು, ಅದರಲ್ಲಿರುವ ಲಾಭ ಯಾರಿಗೆ, ಅಪಾಯ ಯಾರಿಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ವೇಷವಿಲ್ಲದ ಆಟ

ಮೊದಲಾಗಿ ಈ ಆಟದ ಸ್ವರೂಪವನ್ನು ತಿಳಿಯಬೇಕು. ಇಂಗ್ಲಿಷಿನಲ್ಲಿ ಇದನ್ನು ‘ರೋಲ್ ಪ್ಲೇಯಿಂಗ್ ಗೇಮ್’ ಎನ್ನುತ್ತಾರೆ. ಪಾತ್ರ ವಹಿಸಿ ಆಡುವ ಆಟವಾದ್ದರಿಂದ ನಾವು ಪಾತ್ರದಾಟ ಎನ್ನಬಹುದು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬನಿಗೆ ಒಂದೊಂದು ಪಾತ್ರ. ಮತ್ತೊಬ್ಬ ಸೂತ್ರಧಾರ. ‘ನೀವು ಒಂದು ಹಾಳು ಕೋಟೆಯ ಬಾಗಿಲಲ್ಲಿದ್ದೀರಿ, ಒಳಗಿನಿಂದ ಬೆಳಕು ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ಆತ ಕೇಳುತ್ತಾನೆ. ಆಟಗಾರರು ತಂತಮ್ಮ ಪಾತ್ರದ ಬಾಯಿಯಿಂದ ಉತ್ತರಿಸುತ್ತಾರೆ. ಕತೆ ಹೀಗೆ ಮಾತಿನಲ್ಲೇ ಬೆಳೆಯುತ್ತದೆ.

ನಮ್ಮ ಓದುಗರಿಗೆ ಇದನ್ನು ವಿವರಿಸಲು ಬಹಳ ಕಷ್ಟವಿಲ್ಲ. ತಾಳಮದ್ದಳೆಯ ಕೂಟವನ್ನು ಕಂಡವರಿಗೆ ಇದರ ಅರ್ಧ ಗೊತ್ತಾದಂತೆಯೇ. ಅಲ್ಲಿಯೂ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಅರ್ಥಧಾರಿಗಳು ಎದುರುಬದುರು ಕುಳಿತು ಕರ್ಣನಾಗಿ, ಕೃಷ್ಣನಾಗಿ, ವಾಲಿಯಾಗಿ ಸ್ಥಳದಲ್ಲೇ ಮಾತು ಹೊಸೆಯುತ್ತಾರೆ. ಪ್ರಸಂಗವೆಂಬ ಚೌಕಟ್ಟು ಇದೆ, ನಡೆಸಿಕೊಂಡು ಹೋಗಲು ಭಾಗವತರಿದ್ದಾರೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಬೀಳಲೇಬೇಕು. ಪಾತ್ರದಾಟದಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಸಂದೇಹ ಬಂದಲ್ಲಿ ದಾಳ ಎಸೆದು ತೀರ್ಮಾನಿಸುತ್ತಾರೆ. ತಾಳಮದ್ದಳೆಗೆ ಸಭೆ ಬೇಕು, ಇದಕ್ಕೆ ಪ್ರೇಕ್ಷಕರು ಬೇಡ.

ಈ ಬಗೆಯ ಆಟ ಮೊತ್ತಮೊದಲು ಅಂಗಡಿಗೆ ಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದರ ಹೆಸರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನ ಗೈಗ್ಯಾಕ್ಸ್ ವಿಮಾ ಕಂಪೆನಿಯ ಕೆಲಸ ಕಳೆದುಕೊಂಡು ಮನೆಯಲ್ಲೇ ಚಪ್ಪಲಿ-ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದವನು. ಅಚ್ಚು ಹಾಕಿಸಲು ಅವನಲ್ಲಿ ಬಂಡವಾಳವಿರಲಿಲ್ಲ. ಬಾಲ್ಯದ ಗೆಳೆಯ ಡಾನ್ ಕೇ 1973ರಲ್ಲಿ ತನ್ನ ವಿಮಾ ಪಾಲಿಸಿಯ ಮೇಲೆ ಸಾಲ ತೆಗೆದು ಪಾಲುದಾರನಾದ. ಬ್ರಯಾನ್ ಬ್ಲೂಮ್ ಎಂಬ ಮತ್ತೊಬ್ಬ 2,000 ಡಾಲರ್ ಹಾಕಿದ. ಹೀಗೆ ಒಟ್ಟಾದ ಹಣದಲ್ಲಿ ಸಾವಿರ ಪ್ರತಿ ಅಚ್ಚಾಯಿತು. ಮೂರು ಪುಸ್ತಿಕೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವ ಕೆಲಸ ನಡೆದದ್ದು ಮನೆಯಲ್ಲೇ. ಬೆಲೆ ಹತ್ತು ಡಾಲರ್. ಆ ಸಾವಿರ ಪ್ರತಿ ಖರ್ಚಾಗಲು ಸುಮಾರು ವರ್ಷ ಹಿಡಿಯಿತು. ಡಾನ್ ಕೇ 1975ರ ಜನವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ತಾನು ಸಾಲ ಮಾಡಿ ಹಾಕಿದ ದುಡ್ಡು ಮುಂದೆ ಎಷ್ಟು ದೊಡ್ಡ ವ್ಯಾಪಾರವಾಯಿತೆಂದು ನೋಡಲು ಅವನಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಕಾಲಕ್ಕೆ ನಷ್ಟದ ಹೊರೆ ಪೂರ್ತಿಯಾಗಿ ಪ್ರಕಾಶಕರ ತಲೆಯ ಮೇಲಿತ್ತು. ಪೆಟ್ಟಿಗೆ ಮಾರಾಟವಾಗದೆ ಉಳಿದರೆ ಮೂವರು ಗೆಳೆಯರು ಮುಳುಗುತ್ತಿದ್ದರು. ಕೊಳ್ಳುವವನಿಗೆ ಏನೂ ಆಗುತ್ತಿರಲಿಲ್ಲ.

ಪ್ರಳಯವಾದ ಮೇಲೆ

ಪ್ರಳಯದ ಅನಂತರದ ಲೋಕವನ್ನು ಕಲ್ಪಿಸುವುದು ಈ ಆಟಗಳಲ್ಲಿ ಬಹಳ ಬೇಗನೆ ಬೇರುಬಿಟ್ಟ ಸಂಪ್ರದಾಯ. 1978ರಲ್ಲಿ ಬಂದ ‘ಗಾಮಾ ವರ್ಲ್ಡ್’ ಎಂಬ ಆಟದಲ್ಲಿ ಮಹಾಯುದ್ಧದಿಂದ ಹಾಳಾದ ಭೂಮಿಯ ಮೇಲೆ ವಿಕಾರಗೊಂಡ ಮನುಷ್ಯರು, ಪ್ರಾಣಿಗಳು ಅಲೆಯುತ್ತಾರೆ. 1991ರ ‘ಡಾರ್ಕ್ ಸನ್’ನಲ್ಲಿ ಮಂತ್ರವಿದ್ಯೆಯ ಅತಿಬಳಕೆಯಿಂದ ನೆಲದ ಸಾರವೇ ಹೀರಿಹೋಗಿ ಲೋಕವಿಡೀ ಮರುಭೂಮಿಯಾಗಿದೆ. 1993ರ ‘ಅರ್ತ್‌ಡಾನ್’ನಲ್ಲಿ ಭೀಕರ ಭೂತಗಳಿಗೆ ಹೆದರಿ ನೂರಾರು ವರ್ಷ ನೆಲದಡಿಯ ಕೋಟೆಗಳಲ್ಲಿ ಅಡಗಿದ್ದ ಜನ ಬಾಗಿಲು ತೆರೆದು ಹೊರಗೆ ಬರುತ್ತಾರೆ. ಮನುಷ್ಯ ಕಟ್ಟಿದ್ದು ಉಳಿಯದು ಎಂಬ ಭಯವೂ ಉಳಿದವರು ಮತ್ತೆ ಕಟ್ಟಿಯಾರು ಎಂಬ ಆಸೆಯೂ ಇವೆಲ್ಲದರ ಒಳಗಿರುವ ಹೂರಣ.

ಕುಕ್ ಕಲ್ಪಿಸಿದ ಲೋಕ ಇನ್ನೂ ದೂರದ್ದು. ಇಂದಿನಿಂದ ನೂರು ಕೋಟಿ ವರ್ಷಗಳಾಚೆಯ ಭೂಮಿ ಅದು. ಆ ನಡುವೆ ಎಂಟು ಮಹಾನಾಗರಿಕತೆಗಳು ಹುಟ್ಟಿ, ಬೆಳೆದು, ಹೇಳಹೆಸರಿಲ್ಲದಂತೆ ಅಳಿದಿವೆ. ಈಗಿರುವುದು ಒಂಬತ್ತನೆಯ ಲೋಕ. ಅಲ್ಲಿನ ಜನರು ನಮ್ಮ ಮಧ್ಯಯುಗದ ಒಕ್ಕಲುಗಳಂತೆ ಕತ್ತಿ, ಕುದುರೆ, ನೇಗಿಲುಗಳ ಬದುಕು ನಡೆಸುತ್ತಾರೆ. ಆದರೆ ಅವರು ಉಳುವ ಮಣ್ಣಿನೊಳಗೆ ಹಿಂದಿನ ಎಂಟು ಲೋಕಗಳ ಯಂತ್ರಗಳು ಹೂತುಹೋಗಿವೆ. ಕೆಲವು ಇನ್ನೂ ನಡೆಯುತ್ತವೆ. ಯಾರು ಮಾಡಿದರು, ಯಾತಕ್ಕೆ ಮಾಡಿದರು ಎಂದು ಬಲ್ಲವರಿಲ್ಲ. ಈ ಅವಶೇಷಗಳಿಗೇ ನ್ಯೂಮೆನೆರ ಎಂದು ಹೆಸರು. ಅತ್ಯಂತ ಮುಂದುವರಿದ ತಂತ್ರಜ್ಞಾನಕ್ಕೂ ಮಾಯೆಗೂ ವ್ಯತ್ಯಾಸ ಕಾಣಿಸದೆಂಬ ಅರ್ಥದ ಮಾತನ್ನು ವಿಜ್ಞಾನ ಕತೆಗಾರ ಆರ್ಥರ್ ಕ್ಲಾರ್ಕ್ ಹೇಳಿದ್ದುಂಟು. ಆ ಮಾತನ್ನೇ ಕುಕ್ ಅಡಿಪಾಯ ಮಾಡಿಕೊಂಡಿದ್ದಾನೆ. ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷವೆಂದು ಲೆಕ್ಕ ಹೇಳುವ ನಮ್ಮವರಿಗೆ ನೂರು ಕೋಟಿ ವರ್ಷವೆಂದರೆ ತಲೆ ತಿರುಗಬೇಕಾಗಿಲ್ಲ. ಕಲಿಯುಗದ ಮುಂದೆ ಮತ್ತೊಂದು ಸುತ್ತು ಇದೆಯೆಂಬುದು ಅಜ್ಜಿಯಂದಿರ ಕತೆಯಲ್ಲೇ ಕೇಳಿದ ವಿಷಯ.

ಆಟದ ನಿಯಮಗಳೂ ಈ ಕಲ್ಪನೆಗೆ ಹೊಂದಿಕೊಂಡಿವೆ. ಪ್ರತಿ ಕೆಲಸಕ್ಕೂ ಒಂದರಿಂದ ಹತ್ತರವರೆಗೆ ಕಷ್ಟದ ಮಟ್ಟವಿದೆ. ಅದನ್ನು ಮೂರರಿಂದ ಗುಣಿಸಿದಷ್ಟು ಅಂಕ ಇಪ್ಪತ್ತು ಮುಖಗಳ ದಾಳದಲ್ಲಿ ಬೀಳಬೇಕು. ನಾಲ್ಕನೆಯ ಮಟ್ಟದ ಗೋಡೆ ಹತ್ತಬೇಕಾದರೆ ಹನ್ನೆರಡು ಅಥವಾ ಅದಕ್ಕೆ ಮೇಲೆ. ಇಪ್ಪತ್ತನ್ನು ಮೀರಿದ ಅಂಕ ಬೇಕಾದಲ್ಲಿ ಪಾತ್ರದ ಮೈಬಲ, ಚುರುಕು, ಬುದ್ಧಿ ಎಂಬ ಮೂರು ನಿಧಿಗಳಿಂದ ಖರ್ಚು ಮಾಡಿ ಕಷ್ಟವನ್ನು ಇಳಿಸಿಕೊಳ್ಳಬಹುದು. ಖರ್ಚು ಮಾಡಿದಷ್ಟು ಆಯಾಸ. ಹಳೆಯ ಆಟಗಳಲ್ಲಿ ರಾಕ್ಷಸರನ್ನು ಕೊಂದರೆ ಅಂಕ ದೊರೆಯುತ್ತಿತ್ತು. ಇಲ್ಲಿ ಕೊಂದದ್ದಕ್ಕೆ ಅಂಕವಿಲ್ಲ, ಹೊಸತೊಂದನ್ನು ಕಂಡುಹಿಡಿದರೆ ಅಂಕ. ಇಷ್ಟು ಸಣ್ಣ ಬದಲಾವಣೆಯಿಂದ ಆಟಗಾರರ ನಡವಳಿಕೆಯೇ ಬದಲಾಗುತ್ತದೆ. ಕತ್ತಿಗೆ ಕೈಹಾಕುವ ಮೊದಲು ‘ಇದೇನಿರಬಹುದು?’ ಎಂದು ಕೇಳುವ ಅಭ್ಯಾಸ ಬರುತ್ತದೆ.

ಹಣದ ದಾರಿ

ಮಾಂಟೆ ಕುಕ್ ಹೊಸಬನೇನೂ ಅಲ್ಲ. 1980ರ ದಶಕದ ಕೊನೆಯಿಂದಲೇ ಈ ವೃತ್ತಿಯಲ್ಲಿದ್ದವನು. 2000ದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರನೆಯ ಆವೃತ್ತಿಯನ್ನು ರೂಪಿಸಿದ ಮೂವರಲ್ಲಿ ಒಬ್ಬ. ಅದೇ ಆಟದ ಮುಂದಿನ ಆವೃತ್ತಿಯ ಕೆಲಸದಲ್ಲಿದ್ದವನು 2012ರ ಏಪ್ರಿಲಿನಲ್ಲಿ ದೊಡ್ಡ ಕಂಪೆನಿಯನ್ನು ಬಿಟ್ಟು ಹೊರಬಂದ. ಬೇರೆಯವರ ಲೋಕಕ್ಕೆ ಬಣ್ಣ ಬಳಿಯುವುದನ್ನು ಬಿಟ್ಟು ತನ್ನದೇ ಲೋಕವನ್ನು ತಾನೇ ಅಚ್ಚು ಹಾಕಿ ಮಾರಬೇಕೆಂದು ಹೊರಟ. ಹೆಸರು ಇತ್ತು, ಅನುಭವ ಇತ್ತು. ಬಣ್ಣದ ಚಿತ್ರಗಳ ನಾನ್ನೂರು ಪುಟಗಳ ದಪ್ಪ ಪುಸ್ತಕಕ್ಕೆ ಬೇಕಾದ ಮುಂಗಡ ಹಣ ಬೇಕಿತ್ತು.

ಅದಕ್ಕೆ ಆತ ಹಿಡಿದ ದಾರಿ ‘ಕಿಕ್‌ಸ್ಟಾರ್ಟರ್’. 2009ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಈ ಸಂಸ್ಥೆ ಅಂತರ್ಜಾಲದ ಮೂಲಕ ವಂತಿಗೆ ಎತ್ತಲು ಅನುಕೂಲ ಮಾಡಿಕೊಡುತ್ತದೆ. ಕ್ರಮ ಸರಳ. ಕೆಲಸ ಮಾಡುವವನು ತನಗೆ ಬೇಕಾದ ಮೊತ್ತವನ್ನೂ ಗಡುವನ್ನೂ ಸಾರುತ್ತಾನೆ. ಒಪ್ಪಿದವರು ಇಷ್ಟು ಕೊಡುತ್ತೇವೆಂದು ಬರೆಸುತ್ತಾರೆ. ಮೊತ್ತಕ್ಕೆ ತಕ್ಕಂತೆ ಪುಸ್ತಕ, ಭೂಪಟ, ಪುಸ್ತಕದೊಳಗೆ ದಾನಿಯ ಹೆಸರು ಎಂದು ಪ್ರತಿಫಲವಿರುತ್ತದೆ. ಗಡುವಿನೊಳಗೆ ಗುರಿ ಮುಟ್ಟಿದರೆ ಮಾತ್ರ ಹಣ ವಸೂಲಾಗುತ್ತದೆ. ಒಂದು ಡಾಲರ್ ಕಡಿಮೆಯಾದರೂ ಯಾರ ಹಣವನ್ನೂ ಮುಟ್ಟುವುದಿಲ್ಲ. ಅರ್ಧ ಹಣದಲ್ಲಿ ಅರ್ಧ ಕೆಲಸ ಮಾಡಿ ನಿಲ್ಲಿಸಲು ಎಡೆಯಿಲ್ಲದಂತೆ ಮಾಡಿದ ಉಪಾಯವಿದು. ಸಂಸ್ಥೆ ತನ್ನ ಪಾಲಿಗೆ ಶೇಕಡಾ 5 ಇಟ್ಟುಕೊಳ್ಳುತ್ತದೆ. ಹಣ ಸಂದಾಯದ ವೆಚ್ಚ ಬೇರೆ.

ಈ ಏರ್ಪಾಡನ್ನು ಹೊಸ ಕಾಲದ ಸೃಷ್ಟಿಯೆಂದು ತಿಳಿಯಬೇಕಾಗಿಲ್ಲ. ಅಲೆಗ್ಸಾಂಡರ್ ಪೋಪ್ ಎಂಬ ಇಂಗ್ಲಿಷ್ ಕವಿ ಗ್ರೀಕಿನ ‘ಇಲಿಯಡ್’ ಮಹಾಕಾವ್ಯವನ್ನು ಅನುವಾದಿಸಿದಾಗ 1715ರಿಂದ 1720ರವರೆಗೆ ಆರು ಸಂಪುಟಗಳನ್ನು ಚಂದಾದಾರರ ಮುಂಗಡ ಹಣದಿಂದಲೇ ಹೊರತಂದ. ಸಂಪುಟಕ್ಕೊಂದು ಗಿನಿ. ಶ್ರೀಮಂತರ ಮರ್ಜಿ ಕಾಯದೆ ಬದುಕುವಷ್ಟು ಸಂಪಾದನೆ ಅವನಿಗೆ ಅದರಿಂದ ಆಯಿತು. 1885ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ವಿಗ್ರಹಕ್ಕೆ ಪೀಠ ಕಟ್ಟಲು ಹಣ ಸಾಲದೆ ಹೋದಾಗ ಜೋಸೆಫ್ ಪುಲಿಟ್ಜರ್ ತನ್ನ ‘ವರ್ಲ್ಡ್’ ಪತ್ರಿಕೆಯಲ್ಲಿ ಕರೆಕೊಟ್ಟು ಲಕ್ಷಕ್ಕೂ ಮಿಕ್ಕಿದ ಜನರಿಂದ ಲಕ್ಷಕ್ಕೂ ಮಿಕ್ಕಿದ ಡಾಲರ್ ಕೂಡಿಸಿದ. ಹೆಚ್ಚಿನವರು ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಕೊಟ್ಟವರ ಹೆಸರುಗಳನ್ನು ಪತ್ರಿಕೆ ಅಚ್ಚು ಮಾಡಿತು. ದೂರವೇಕೆ, ಪ್ರಕಟಣಪೂರ್ವ ಚಂದಾ ಎತ್ತಿ ಪುಸ್ತಕ ಹೊರತರುವ ರೂಢಿ ಕನ್ನಡದಲ್ಲೂ ಇದೆ. ದಿನಪತ್ರಿಕೆಗೆ ವಾರ್ಷಿಕ ಚಂದಾ ಕಟ್ಟುವವನೂ ಇನ್ನೂ ಬರೆಯದ, ಅಚ್ಚಾಗದ ನೂರಾರು ಸಂಚಿಕೆಗಳಿಗೆ ಮುಂಗಡ ಕೊಡುವವನೇ ಅಲ್ಲವೇ?

ಐದು ಲಕ್ಷದ ಲೆಕ್ಕ

ಕೇಳಿದ್ದಕ್ಕಿಂತ ಇಪ್ಪತ್ತೈದು ಪಾಲಿಗೂ ಮೀರಿ ಹಣ ಬಂತೆಂದರೆ ಕುಕ್ ಸಾಹುಕಾರನಾದನೆಂದು ಯಾರಾದರೂ ತಿಳಿದಾರು. ಲೆಕ್ಕ ಹಾಕಿ ನೋಡೋಣ. ಒಬ್ಬೊಬ್ಬರು ಸರಾಸರಿ ಕೊಟ್ಟದ್ದು 111 ಡಾಲರ್. ಸಂಸ್ಥೆಯ ಪಾಲು, ಸಂದಾಯದ ವೆಚ್ಚ ಸೇರಿ ಶೇಕಡಾ 8ರಿಂದ 10 ಎಂದಿಟ್ಟುಕೊಂಡರೂ ನಲ್ವತ್ತೈವತ್ತು ಸಾವಿರ ಡಾಲರ್ ಮೊದಲೇ ಹೋಯಿತು. ಉಳಿದದ್ದರಲ್ಲಿ ಚಿತ್ರಕಾರರು, ಸಂಪಾದಕರು, ಪುಟ ಜೋಡಿಸುವವರು, ಮುದ್ರಕರು, ಕಟ್ಟು ಕಟ್ಟುವವರು, ಅಂಚೆಯವರು ಎಲ್ಲರಿಗೂ ಸಲ್ಲಬೇಕು. ಹಣ ಹೆಚ್ಚು ಬಂದಷ್ಟು ಕಳುಹಿಸಬೇಕಾದ ಪ್ರತಿಗಳೂ ಹೆಚ್ಚು.

ಸಣ್ಣ ಪ್ರಕಾಶಕರು ಮುಗ್ಗರಿಸುವುದು ಇಲ್ಲಿಯೇ. ಉದಾಹರಣೆಗೆ ಹೀಗೆ ಭಾವಿಸೋಣ. ದೂರದೇಶದ ಓದುಗನೊಬ್ಬ 60 ಡಾಲರ್ ಕೊಟ್ಟ. ಕಡಿತಗಳು ಹೋಗಿ 54 ಉಳಿಯಿತು. ಅಚ್ಚಿಗೆ 15, ಚಿತ್ರ ಮತ್ತು ಸಂಪಾದನೆಯ ಪಾಲು 20, ಅಂಚೆಗೆ 15. ಉಳಿತಾಯ 4 ಡಾಲರ್. ಪುಸ್ತಕ ಸಿದ್ಧವಾಗುವಷ್ಟರಲ್ಲಿ ಅಂಚೆಯ ದರ 30ಕ್ಕೆ ಏರಿದರೆ ಪ್ರತಿಯೊಂದಕ್ಕೆ 11 ಡಾಲರ್ ಕೈಯಿಂದ ಹಾಕಬೇಕು. ಇಂಥ ಪ್ರತಿಗಳು ಐನೂರಾದರೆ 5,500 ಡಾಲರ್ ನಷ್ಟ. ಇದು ಊಹೆಯ ಲೆಕ್ಕವಾದರೂ ಸುಳ್ಳಿನ ಲೆಕ್ಕವಲ್ಲ. 2013ರ ಜನವರಿಯಲ್ಲಿ ಅಮೆರಿಕದ ಅಂಚೆ ಇಲಾಖೆ ವಿದೇಶ ಪಾರ್ಸೆಲುಗಳ ದರವನ್ನು ಒಮ್ಮೆಲೇ ಏರಿಸಿತು. 2021ರಲ್ಲಿ ಹಡಗಿನ ಕಂಟೈನರುಗಳ ಬಾಡಿಗೆ ಹಲವು ಪಟ್ಟು ಹೆಚ್ಚಿತು. ಎರಡು ಬಾರಿಯೂ, ಹಳೆಯ ದರ ನಂಬಿ ಮಾತು ಕೊಟ್ಟಿದ್ದವರು ತತ್ತರಿಸಿದರು.

ಇನ್ನೊಂದು ಬಲೆಯೂ ಇದೆ. ಗುರಿ ದಾಟಿದ ಮೇಲೂ ಉತ್ಸಾಹ ಇಳಿಯದಿರಲೆಂದು ‘ಮೊತ್ತ ಇಷ್ಟಾದರೆ ಇನ್ನೊಂದು ಪುಸ್ತಕ, ಅಷ್ಟಾದರೆ ಬಣ್ಣದ ಕಾರ್ಡುಗಳು’ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಶ್ವಾಸನೆ ಕೊಡುವ ಪದ್ಧತಿ. ಮಾತು ಕೊಡುವುದು ಒಂದು ಸಂಜೆಯ ಕೆಲಸ. ನೆರವೇರಿಸುವುದು ಎರಡು ವರ್ಷದ ಕೆಲಸ.

ಕುಕ್ ತನ್ನ ಮಾತನ್ನು ನಡೆಸಿಕೊಟ್ಟ. 416 ಪುಟಗಳ ಪುಸ್ತಕ 2013ರ ಆಗಸ್ಟಿನಲ್ಲಿ ಹೊರಬಂತು. ಅದರ ಬೆನ್ನಿಗೆ ಆ ಲೋಕದ ಜೀವಿಗಳ ಸಂಪುಟವೂ ಸಾಹಸಗಳ ಸಂಪುಟವೂ ಬಂದವು. ಒಂಬತ್ತನೆಯ ಲೋಕವನ್ನೇ ಆಧರಿಸಿದ ಕಂಪ್ಯೂಟರ್ ಆಟವೊಂದಕ್ಕೆ 2013ರ ಮಾರ್ಚ್-ಏಪ್ರಿಲಿನಲ್ಲಿ ಬೇರೊಂದು ಸಂಸ್ಥೆ ವಂತಿಗೆ ಎತ್ತಿದಾಗ 74,000ಕ್ಕೂ ಹೆಚ್ಚು ಮಂದಿ 41 ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು. ಆ ಆಟ 2017ರಲ್ಲಿ ಬಿಡುಗಡೆಯಾಯಿತು.

ಮಾತು ತಪ್ಪಿದರೆ

ಎಲ್ಲರೂ ಹೀಗೆ ನಡೆದುಕೊಳ್ಳುವುದಿಲ್ಲ. ಅದೇ 2012ರಲ್ಲಿ ‘ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಹಲಗೆಯಾಟಕ್ಕೆ 35,000 ಡಾಲರ್ ಕೇಳಿದವನಿಗೆ 1,246 ಮಂದಿಯಿಂದ 1,22,000ಕ್ಕೂ ಹೆಚ್ಚು ಡಾಲರ್ ಬಂತು. ಒಂದು ವರ್ಷ ಕಳೆದ ಮೇಲೆ ಆಟ ಹೊರಬರುವುದಿಲ್ಲವೆಂಬ ಸುದ್ದಿ ಬಂತು. ಹಣದ ಬಹುಭಾಗ ಮನೆ ಬಾಡಿಗೆ ಮೊದಲಾದ ಸ್ವಂತ ಖರ್ಚಿಗೆ ಹೋಗಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2015ರ ಜೂನಿನಲ್ಲಿ ಇತ್ಯರ್ಥವಾದ ಈ ಪ್ರಕರಣ, ಜನರ ವಂತಿಗೆಯ ವಿಷಯದಲ್ಲಿ ಆ ಸರಕಾರಿ ಸಂಸ್ಥೆ ಕೈಗೊಂಡ ಮೊದಲ ಕ್ರಮ. 1,11,000 ಡಾಲರಿಗೂ ಹೆಚ್ಚು ಕೊಡಬೇಕೆಂದು ಆದೇಶವಾಯಿತು. ಆತನ ಕೈಯಲ್ಲಿ ಹಣವಿಲ್ಲದ ಕಾರಣ ವಸೂಲಿಯನ್ನು ತಡೆಹಿಡಿಯಲಾಯಿತು. ಆಟವನ್ನು ರೂಪಿಸಿದ ಕಲಾವಿದರದು ಏನೂ ತಪ್ಪಿರಲಿಲ್ಲ. ಕೊನೆಗೆ ಬೇರೊಬ್ಬ ಪ್ರಕಾಶಕರು ಮುಂದೆ ಬಂದು ಅದನ್ನು ಅಚ್ಚು ಹಾಕಿ ಹಣ ಕೊಟ್ಟವರಿಗೆ ತಲುಪಿಸಿದರು. ಹಣ ಬರಲಿಲ್ಲ, ಆಟವಾದರೂ ಬಂತು.

ಈ ಪ್ರಕರಣದಿಂದ ಸ್ಪಷ್ಟವಾಗುವ ವಿಷಯವೊಂದಿದೆ. ವಂತಿಗೆ ಕೊಡುವವನು ಗಿರಾಕಿಯಲ್ಲ, ಏಕೆಂದರೆ ಸರಕನ್ನು ನೋಡಿ, ತೂಗಿ ಕೊಳ್ಳುವ ಅವಕಾಶ ಅವನಿಗಿಲ್ಲ. ಪಾಲುದಾರನೂ ಅಲ್ಲ, ಏಕೆಂದರೆ ಲಾಭದಲ್ಲಿ ಅವನಿಗೆ ಕಾಸಿನ ಪಾಲಿಲ್ಲ. ಡಾನ್ ಕೇ ಸಾಲ ಮಾಡಿ ಹೊತ್ತ ಹೊರೆಯನ್ನು ಇಲ್ಲಿ ಸಾವಿರಾರು ಓದುಗರು ಚೂರು ಚೂರಾಗಿ ಹಂಚಿಕೊಂಡಿದ್ದಾರೆ. ಒಬ್ಬ ಮುಳುಗುವ ಬದಲು ಸಾವಿರ ಮಂದಿಗೆ ಸ್ವಲ್ಪ ಸ್ವಲ್ಪ ಒದ್ದೆಯಾಗುತ್ತದೆ. ಹೊರೆ ಹಗುರವಾದದ್ದು ನಿಜ. ಆದರೆ ಹೊರೆ ಹಗುರವಾದಾಗ ಹೊರುವವನ ಎಚ್ಚರವೂ ಹಗುರವಾಗುವುದುಂಟು. ತನ್ನ ದುಡ್ಡು ಹಾಕಿದ ಪ್ರಕಾಶಕ ರಾತ್ರಿ ನಿದ್ದೆಗೆಟ್ಟು ಲೆಕ್ಕ ನೋಡುತ್ತಾನೆ. ಊರವರ ದುಡ್ಡು ಕೈಗೆ ಬಂದವನು ಅಷ್ಟೇ ನಿದ್ದೆಗೆಟ್ಟಾನೆಂದು ಹೇಳುವಂತಿಲ್ಲ.

ಆದ್ದರಿಂದ ಈ ದಾರಿ ಹಿಡಿಯುವ ಸಣ್ಣ ಲೇಖಕರಿಗೆ ಅನುಭವಸ್ಥರು ಹೇಳುವ ಬುದ್ಧಿವಾದಗಳೆಲ್ಲ ಬಹಳ ಸಾಮಾನ್ಯವಾದವೇ. ಪುಸ್ತಕ ಬಹುಪಾಲು ಬರೆದು ಮುಗಿಸಿ, ಗೆಳೆಯರ ಕೂಟದಲ್ಲಿ ಆಡಿ ನೋಡಿದ ಮೇಲೆ ಹಣ ಕೇಳಬೇಕು. ಮಾದರಿ ಪ್ರತಿಯನ್ನು ತಕ್ಕಡಿಯಲ್ಲಿಟ್ಟು ತೂಗಿ ಅಂಚೆಯ ದರ ವಿಚಾರಿಸಬೇಕು. ಆಶ್ವಾಸನೆ ಕಡಿಮೆ ಇರಬೇಕು. ಕೆಲಸ ತಡವಾದರೆ ಅದನ್ನು ಅಡಗಿಸದೆ ತಿಂಗಳಿಗೊಮ್ಮೆಯಾದರೂ ಹೇಳಬೇಕು. ತಡವಾದದ್ದನ್ನು ಜನ ಕ್ಷಮಿಸುತ್ತಾರೆ, ಮೌನವನ್ನು ಕ್ಷಮಿಸುವುದಿಲ್ಲ. ಜಾತ್ರೆ ಮುಗಿದ ಮೇಲೆ ಜಮಾಖರ್ಚಿನ ಪಟ್ಟಿಯನ್ನು ಗೋಡೆಗೆ ಅಂಟಿಸುವ ಸಮಿತಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಂದು ಈ ಆಟಗಳ ವಂತಿಗೆ ಬಹಳ ಬೆಳೆದಿದೆ. ಟೆಲಿವಿಷನ್ನಿನ ಪ್ರಸಿದ್ಧ ಕಥಾಮಾಲೆಯೊಂದನ್ನು ಆಧರಿಸಿದ ‘ಅವತಾರ್ ಲೆಜೆಂಡ್ಸ್’ ಎಂಬ ಪಾತ್ರದಾಟಕ್ಕೆ 2021ರಲ್ಲಿ 81,000ಕ್ಕೂ ಹೆಚ್ಚು ಮಂದಿ ಸುಮಾರು 95 ಲಕ್ಷ ಡಾಲರ್ ಕೊಟ್ಟರು. ಆದರೆ ಟೆಲಿವಿಷನ್ನಿನ ಬೆಂಬಲವಿಲ್ಲದೆ, ತನ್ನ ಮನಸ್ಸಿನಲ್ಲಿ ಮಾತ್ರ ಇರುವ ಲೋಕವೊಂದಕ್ಕೆ ಹಣ ಕೇಳುವವನ ಪಾಡು ಬೇರೆ. ಅವನು ಮಾರುತ್ತಿರುವುದು ತನ್ನ ಮಾತನ್ನು. ‘ನ್ಯೂಮೆನೆರ’ದ ಹೊಸ ಆವೃತ್ತಿಗೆ ಕುಕ್ ಮತ್ತು ಸಂಗಡಿಗರು 2017ರಲ್ಲಿ ಮತ್ತೊಮ್ಮೆ ಕೈಯೊಡ್ಡಿದಾಗ ಮೊದಲ ಬಾರಿಗಿಂತ ಹೆಚ್ಚು, 8 ಲಕ್ಷ ಡಾಲರಿಗೂ ಮಿಕ್ಕಿ ಬಂತು. ಐದು ವರ್ಷ ಹಿಂದೆ ಆಡಿದ ಮಾತು ಉಳಿದಿತ್ತಾದ್ದರಿಂದ ಎರಡನೆಯ ಸಲ ರಶೀದಿ ಪುಸ್ತಕ ತೆರೆಯುವುದು ಕಷ್ಟವಾಗಲಿಲ್ಲ. ಎಂಟು ಲೋಕಗಳು ಅಳಿದ ಕತೆಯನ್ನು ಹೇಳುವವನಿಗೂ ಒಂಬತ್ತನೆಯದನ್ನು ಕಟ್ಟಲು ಬೇಕಾದದ್ದು ಕೊಟ್ಟ ಮಾತಿಗೆ ನಡೆಯುವ ಹಳೆಯ ಗುಣವೇ.